ಮಾತು ಬಿಟ್ಟ ಮನೆ: ಚಿತ್ತವಿಕಲತೆ, ಕುಟುಂಬದ ಭಾವಪ್ರತಿಕ್ರಿಯೆ ಮತ್ತು ತ್ರಿವೇಣಿಯವರ ‘ಶರಪಂಜರ’

೧

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯನ್ನು ಕನ್ನಡಿಗರು ಬಿಡಿಸಲಾಗದ ಗಂಟು ಎದುರಾದಾಗಲೆಲ್ಲ ಬಳಸುತ್ತ ಬಂದಿದ್ದಾರೆ. ಕಚೇರಿಯ ಕಡತದಿಂದ ಹಿಡಿದು ರಾಜಕಾರಣದ ಬಿಕ್ಕಟ್ಟಿನವರೆಗೆ ಅದರ ಅನ್ವಯ ಚಾಚಿಕೊಂಡಿದೆ. ಹೀಗೆ ಬಳಕೆಯಲ್ಲಿ ಸವೆದುಹೋದ ಈ ಮಾತಿನ ಮೂಲ ಸನ್ನಿವೇಶದತ್ತ ಗಮನ ಹರಿದಿರುವುದು ಕಡಿಮೆ. ಗಾದೆಯ ದೃಷ್ಟಿಯಲ್ಲಿ ಹುಚ್ಚು ಒಬ್ಬ ವ್ಯಕ್ತಿಯ ತಲೆಯೊಳಗಿನ ಸಂಗತಿಯಲ್ಲ. ಅದು ಸಂಬಂಧಗಳ ನಡುವೆ ಇರುವ ಸಂಗತಿ. ಮದುವೆ ಅಲ್ಲಿ ಔಷಧವೂ ಹೌದು, ಗುಣವಾದವರಿಗೆ ಸಲ್ಲುವ ಮಾನ್ಯತೆಯೂ ಹೌದು. ಆದರೆ ಮದುವೆಯಾದ ಮೇಲೆ ಹುಚ್ಚು ಹಿಡಿದರೆ ಏನು, ಹಿಡಿದ ಹುಚ್ಚು ಬಿಟ್ಟ ಮೇಲೂ ಮನೆ ಅದನ್ನು ಬಿಡದಿದ್ದರೆ ಏನು ಎಂಬ ಪ್ರಶ್ನೆಗಳಿಗೆ ಗಾದೆಯಲ್ಲಿ ಉತ್ತರವಿಲ್ಲ. ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಎತ್ತಿಕೊಂಡ ಕನ್ನಡ ಕೃತಿ ತ್ರಿವೇಣಿಯವರ ‘ಶರಪಂಜರ’.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ ತ್ರಿವೇಣಿಯವರು (೧೯೨೮–೧೯೬೩) ಕನ್ನಡದಲ್ಲಿ ಮನೋವೈಜ್ಞಾನಿಕ ಕಾದಂಬರಿಯ ಪ್ರಮುಖ ಲೇಖಕಿಯೆಂದು ಗುರುತಿಸಲ್ಪಟ್ಟವರು. ‘ಬೆಕ್ಕಿನ ಕಣ್ಣು’, ‘ದೂರದ ಬೆಟ್ಟ’, ‘ಶರಪಂಜರ’ಗಳ ಬಗೆಗಿನ ವಿಮರ್ಶೆ ಬಹುಮಟ್ಟಿಗೆ ಪಾತ್ರಗಳ ಅಂತರಂಗವನ್ನೇ ಕೇಂದ್ರದಲ್ಲಿರಿಸಿಕೊಂಡಿದೆ. ಅದುಮಿಟ್ಟ ನೆನಪು, ಅಪರಾಧಪ್ರಜ್ಞೆ, ಅಚೇತನದ ಒತ್ತಡ ಇವು ಆ ವಿಮರ್ಶೆಯ ಪರಿಚಿತ ಪರಿಭಾಷೆಗಳು. ಈ ಓದು ತಪ್ಪಲ್ಲ, ಆದರೆ ಅಪೂರ್ಣ. ‘ಶರಪಂಜರ’ದ ಉತ್ತರಾರ್ಧದಲ್ಲಿ ಕಾದಂಬರಿಯ ಗಮನ ರೋಗಿಯ ಅಂತರಂಗದಿಂದ ಸರಿದು ಮನೆಯವರ ಮುಖಗಳತ್ತ ಹೊರಳುತ್ತದೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಕಾವೇರಿಯ ಮನಸ್ಸಲ್ಲ, ಅವಳನ್ನು ಮರಳಿ ಪಡೆದ ಸಂಸಾರದ ಮನಸ್ಸು. ಕಾಕತಾಳೀಯವೆಂಬಂತೆ ಸುಮಾರು ಅದೇ ವರ್ಷಗಳಲ್ಲಿ ಲಂಡನ್ನಿನ ಸಂಶೋಧಕರೂ ಇದೇ ಪ್ರಶ್ನೆಯನ್ನು ಅಳೆಯಲು ಹೊರಟಿದ್ದರು. ಆ ಅಳತೆ ಏನನ್ನು ಕಂಡಿತು, ಏನನ್ನು ಕಾಣಲಿಲ್ಲ ಎಂಬುದನ್ನು ಕಾದಂಬರಿಯೊಡನೆ ಇಟ್ಟು ನೋಡಿದಾಗ, ಕುಟುಂಬದ ಭಾವಪ್ರತಿಕ್ರಿಯೆಯನ್ನು ಸಂಸ್ಕೃತಿ ರೂಪಿಸುವ ಬಗೆ ಹೆಚ್ಚು ಸ್ಪಷ್ಟವಾಗುತ್ತದೆ.

೨

೧೯೫೦ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಮೊದಲಾದ ಔಷಧಗಳು ಬಂದು, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಮನೆಗೆ ಮರಳುವುದು ಸಾಧ್ಯವಾಯಿತು. ಆಗ ಹೊಸದೊಂದು ಸಮಸ್ಯೆ ತಲೆದೋರಿತು: ಮರಳಿದವರಲ್ಲಿ ಕೆಲವರು ನೆಮ್ಮದಿಯಾಗಿ ಉಳಿಯುತ್ತಿದ್ದರು, ಕೆಲವರು ಬೇಗನೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು ೧೯೫೮ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಅನಿರೀಕ್ಷಿತವಾಗಿತ್ತು. ತಂದೆತಾಯಿಯರ ಬಳಿಗೋ ಹೆಂಡತಿಯ ಬಳಿಗೋ ಮರಳಿದ ಗಂಡಸರಿಗಿಂತ ಬಾಡಿಗೆಯ ಕೊಠಡಿಗೋ ಒಡಹುಟ್ಟಿದವರ ಮನೆಗೋ ಹೋದವರ ಸ್ಥಿತಿ ಉತ್ತಮವಾಗಿತ್ತು. ಅತಿ ಹತ್ತಿರದ ಸಂಬಂಧವೇ ಅಪಾಯದ ಮೂಲವಾಗಬಹುದೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ರೂಪುಗೊಂಡ ಪರಿಕಲ್ಪನೆಯೇ ‘ಎಕ್ಸ್‌ಪ್ರೆಸ್ಡ್ ಇಮೋಶನ್’. ಕನ್ನಡದಲ್ಲಿ ಇದನ್ನು ‘ಪ್ರಕಟಿತ ಭಾವ’ ಎನ್ನಬಹುದು. ರೋಗಿಯೊಡನೆ ವಾಸಿಸುವ ಬಂಧುವನ್ನು ಪ್ರತ್ಯೇಕವಾಗಿ ಕೂರಿಸಿ, ಕಾಯಿಲೆ ಉಲ್ಬಣಿಸಿದ ಹಿಂದಿನ ತಿಂಗಳುಗಳ ಮನೆಯ ಬದುಕನ್ನು ಕುರಿತು ಮಾತನಾಡಿಸುವುದು, ಆ ಮಾತನ್ನು ಧ್ವನಿಮುದ್ರಿಸಿಕೊಂಡು ಅದರ ವಿಷಯವನ್ನೂ ದನಿಯ ಏರಿಳಿತವನ್ನೂ ಅಳೆಯುವುದು ಅದರ ವಿಧಾನ. ಕ್ಯಾಂಬರ್‌ವೆಲ್ ಕುಟುಂಬ ಸಂದರ್ಶನವೆಂದು ಹೆಸರಾದ ಈ ಕ್ರಮದಲ್ಲಿ ಟೀಕೆ, ಹಗೆತನ, ಅತಿತೊಡಗುವಿಕೆ, ಅಕ್ಕರೆ, ಮೆಚ್ಚುನುಡಿ ಎಂಬ ಐದು ಮಾನಗಳಿವೆ. ಮೊದಲ ಮೂರು ಹೆಚ್ಚಿದ್ದರೆ ಅದು ಪ್ರಕಟಿತ ಭಾವ ಅಧಿಕವಾಗಿರುವ ಮನೆ. ಬ್ರೌನ್, ಬರ್ಲಿ ಮತ್ತು ವಿಂಗ್ ೧೯೭೨ರಲ್ಲಿ ಪ್ರಕಟಿಸಿದ ೧೦೧ ರೋಗಿಗಳ ಅಧ್ಯಯನದಲ್ಲಿ ಒಂಬತ್ತು ತಿಂಗಳೊಳಗೆ ಕಾಯಿಲೆ ಮರುಕಳಿಸಿದ ಪ್ರಮಾಣ ಇಂಥ ಮನೆಗಳಲ್ಲಿ ಶೇಕಡ ೫೮, ಉಳಿದವುಗಳಲ್ಲಿ ಶೇಕಡ ೧೬. ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ೧೯೭೬ರಲ್ಲಿ ಈ ನಿಲುವನ್ನು ಇನ್ನಷ್ಟು ದೃಢಪಡಿಸಿದರು. ೧೯೯೮ರಲ್ಲಿ ಬಟ್ಸ್‌ಲಾಫ್ ಮತ್ತು ಹೂಲಿ ೨೭ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಪ್ರಕಟಿತ ಭಾವಕ್ಕೂ ಮರುಕಳಿಕೆಗೂ ಇರುವ ನಂಟು ಉಳಿದುಕೊಂಡಿತು. ಕುಟುಂಬವು ಕಾಯಿಲೆಯನ್ನು ಹುಟ್ಟಿಸುತ್ತದೆ ಎಂಬುದು ಇದರ ವಾದವಲ್ಲ. ಹುಟ್ಟಿದ ಕಾಯಿಲೆ ಮುಂದೆ ಹಿಡಿಯುವ ದಾರಿಯಲ್ಲಿ ಮನೆಯ ಮಾತಿಗೂ ಪಾತ್ರವಿದೆ ಎಂಬುದಷ್ಟೆ.

ಈ ಅಳತೆಗೋಲು ಲಂಡನ್ನನ್ನು ದಾಟಿ ಬೇರೆ ನಾಡುಗಳಿಗೆ ಹೋದಾಗಲೇ ಸಂಸ್ಕೃತಿಯ ಪ್ರಶ್ನೆ ಎದ್ದದ್ದು. ಎನ್. ಎನ್. ವಿಗ್ ಮತ್ತು ಅವರ ಸಂಗಡಿಗರು ಲೆಫ್ ಅವರೊಡನೆ ಚಂಡೀಗಢದಲ್ಲಿ ನಡೆಸಿ ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ದಿಕ್ಕಿನಲ್ಲಿ ಮುಖ್ಯವಾದವು. ಸಂದರ್ಶನವನ್ನು ಹಿಂದಿಗೆ ತಂದು ಪರೀಕ್ಷಿಸಿದಾಗ ಅಲ್ಲಿನ ಬಂಧುಗಳಲ್ಲಿ ಪ್ರಕಟಿತ ಭಾವ ಅಧಿಕವೆಂದು ಕಂಡವರು ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಳ್ಳಿಗಳಲ್ಲಂತೂ ಇನ್ನೂ ವಿರಳ. ಲಂಡನ್ನಿನ ಮಾದರಿಗಿಂತ ಮರುಕಳಿಕೆಯೂ ಕಡಿಮೆಯಿತ್ತು. ಆದರೆ ಅಷ್ಟೇ ಗಮನಾರ್ಹವಾದ ಇನ್ನೊಂದು ಸಂಗತಿಯಿದೆ. ಚಂಡೀಗಢದಲ್ಲಿ ಮರುಕಳಿಕೆಯೊಡನೆ ನಂಟು ತೋರಿದ್ದು ಮುಖ್ಯವಾಗಿ ಹಗೆತನ. ಎರಡು ವರ್ಷಗಳ ಅನಂತರ ನೋಡಿದಾಗ ಒಟ್ಟು ಅಳತೆ ಮುನ್ಸೂಚನೆಯ ಶಕ್ತಿಯನ್ನು ಕಳೆದುಕೊಂಡಿತ್ತು. ಮೊದಲಿನ ಹಗೆತನ ಮಾತ್ರ ಅದನ್ನು ಉಳಿಸಿಕೊಂಡಿತ್ತು. ಅಂದರೆ ಗೋಲು ಒಂದೇ ಆದರೂ ಅದರ ಮೇಲಿನ ಗೆರೆಗಳಿಗೆ ಎರಡು ಊರುಗಳಲ್ಲಿ ಒಂದೇ ಬೆಲೆಯಿರಲಿಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಕುಟುಂಬಗಳ ಅಧ್ಯಯನ ಈ ಒಳನೋಟವನ್ನು ಮುಂದುವರಿಸಿತು. ಮಾನವಶಾಸ್ತ್ರಜ್ಞೆ ಜಾನಿಸ್ ಜೆಂಕಿನ್ಸ್ ಗಮನಿಸಿದಂತೆ, ಆ ಕುಟುಂಬಗಳು ಸ್ಕಿಜೋಫ್ರೇನಿಯಾವನ್ನು ‘ನೆರ್ವಿಯೋಸ್’ ಎಂದು ಕರೆಯುತ್ತಿದ್ದವು. ನರಗಳ ದೌರ್ಬಲ್ಯ, ಯಾರಿಗಾದರೂ ಬರಬಹುದಾದ ಕಸಿವಿಸಿ ಎಂಬ ಅರ್ಥದ ಈ ಹೆಸರು ರೋಗಿಯನ್ನು ದೋಷದಿಂದ ಪಾರುಮಾಡುತ್ತಿತ್ತು, ಮನೆಯ ವೃತ್ತದೊಳಗೇ ಉಳಿಸಿಕೊಳ್ಳುತ್ತಿತ್ತು. ವರ್ತನೆ ರೋಗಿಯ ಹತೋಟಿಯಲ್ಲಿದೆ, ಬೇಕೆಂದೇ ಹಾಗೆ ಮಾಡುತ್ತಾರೆ ಎಂದು ನಂಬಿದ ಬಂಧುಗಳಲ್ಲಿ ಟೀಕೆ ಹೆಚ್ಚೆಂಬುದೂ ಕಂಡುಬಂದಿತು. ೨೦೦೪ರಲ್ಲಿ ಸ್ಟೀವನ್ ಲೋಪೆಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದುದು: ಆಂಗ್ಲ ಮೂಲದ ಅಮೆರಿಕನ್ ಮನೆಗಳಲ್ಲಿ ಟೀಕೆ ಕೇಡಿನ ಸೂಚಕವಾದರೆ, ಮೆಕ್ಸಿಕನ್ ಮೂಲದ ಮನೆಗಳಲ್ಲಿ ಅಕ್ಕರೆ ರಕ್ಷಣೆಯ ಸೂಚಕವಾಗಿತ್ತು. ಒಂದು ಕಡೆ ಆಡಿದ ಮಾತು ಲೆಕ್ಕಕ್ಕೆ ಬಂದರೆ ಇನ್ನೊಂದು ಕಡೆ ಬಂಧುವಿನಿಂದ ದೊರೆತ ಬೆಚ್ಚನೆಯ ಭಾವ ಲೆಕ್ಕಕ್ಕೆ ಬಂದಿತು. ಯಾವುದನ್ನು ಟೀಕೆಯೆಂದು ಬಗೆಯಬೇಕು, ಯಾವುದನ್ನು ಅತಿಕಾಳಜಿಯೆಂದು ಬಗೆಯಬೇಕು ಎಂಬ ನಿಯಮಗಳೇ ಸಂಸ್ಕೃತಿಯವು ಎಂದು ಜೆಂಕಿನ್ಸ್ ಮತ್ತು ಕಾರ್ನೋ ೧೯೯೨ರಲ್ಲಿ ವಾದಿಸಿದ್ದರ ಹಿನ್ನೆಲೆ ಇಂಥದು.

೩

ಈ ವಾದವನ್ನು ಕನ್ನಡದ ಮನೆಗೆ ತಂದು ನೋಡಿದಾಗ ಮೊದಲು ಎದುರಾಗುವುದು ‘ಹುಚ್ಚು’ ಎಂಬ ಶಬ್ದವೇ. ಈ ಶಬ್ದ ಬೈಗುಳವಷ್ಟೇ ಅಲ್ಲ. ತಾಯಿ ಮಗಳನ್ನು ‘ಹುಚ್ಚು ಹುಡುಗಿ’ ಎನ್ನುವಾಗ ಅಲ್ಲಿರುವುದು ಮುದ್ದು. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚೇಗೌಡ ಎಂಬ ಹೆಸರುಗಳು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿದ್ದವು. ಸಂಗೀತದ ಹುಚ್ಚು, ನಾಟಕದ ಹುಚ್ಚು ಎನ್ನುವಾಗ ಅದು ಒಲವಿನ ತೀವ್ರತೆ. ಆದರೆ ಮನೆಯಲ್ಲೊಬ್ಬರು ಮಾನಸಿಕ ಆಸ್ಪತ್ರೆಗೆ ಹೋಗಿ ಬಂದರೆಂದರೆ ಈ ಶಬ್ದದ ಇಡೀ ಹರಹು ಮುಚ್ಚಿಹೋಗುತ್ತದೆ. ಅನಂತರ ‘ಹುಚ್ಚು ಹುಡುಗಿ’ ಎಂದು ಯಾರೂ ಮುದ್ದಿನಿಂದ ಕರೆಯಲಾರರು. ಒಂದು ಅಕ್ಕರೆಯ ನುಡಿ ಮನೆಯಿಂದ ಮಾಯವಾಗುವುದು ಕೂಡ ಭಾವಪ್ರತಿಕ್ರಿಯೆಯೇ. ಆದರೆ ಆಡದೆ ಉಳಿದ ಮಾತನ್ನು ಎಣಿಸುವುದು ಧ್ವನಿಮುದ್ರಣಕ್ಕೆ ಕಷ್ಟ.

ಎರಡನೆಯದು ಟೀಕೆಯ ರೀತಿ. ಕನ್ನಡ ಕುಟುಂಬದಲ್ಲಿ, ಅದರಲ್ಲೂ ಮಧ್ಯಮವರ್ಗದ ಮನೆಗಳಲ್ಲಿ, ಟೀಕೆ ಅನೇಕವೇಳೆ ನೇರವಾಗಿ ಗುರಿಯತ್ತ ಹೋಗುವುದಿಲ್ಲ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆಯೇ ಇದಕ್ಕೆ ಸಾಕ್ಷಿ. ಸೊಸೆಗೆ ಹೇಳಬೇಕಾದ್ದನ್ನು ಕೆಲಸದವಳಿಗೆ, ಮಗನಿಗೆ ಹೇಳಬೇಕಾದ್ದನ್ನು ಅವನ ತಾಯಿಗೆ, ಯಾರಿಗೂ ಹೇಳಲಾಗದ್ದನ್ನು ಗೋಡೆಗೆ ಹೇಳುವ ಒಂದು ವ್ಯಾಕರಣ ಇಲ್ಲಿದೆ. ಈ ವ್ಯಾಕರಣದ ಕೊನೆಯ ಮೆಟ್ಟಿಲು ‘ಮಾತು ಬಿಡುವುದು’. ಒಂದೇ ಸೂರಿನಡಿ ಉಂಡು ಮಲಗುವವರು ತಿಂಗಳುಗಟ್ಟಲೆ ಮಾತು ಬಿಟ್ಟಿರುವುದು ಕನ್ನಡದ ಬದುಕಿನಲ್ಲೂ ಕಥನದಲ್ಲೂ ಅಪರೂಪವಲ್ಲ. ‘ಅವರು ಮಾತು ಬಿಟ್ಟರು’ ಎಂಬ ವಾಕ್ಯದಲ್ಲಿ ಅಡಗಿರುವ ತೀರ್ಪಿನ ಕಠೋರತೆ ಹತ್ತು ಬೈಗುಳಗಳಲ್ಲೂ ಇರಲಾರದು. ಸಂದರ್ಶಕನೆದುರು ಕುಳಿತ ಬಂಧು ದನಿಯೇರಿಸದೆ, ಮರ್ಯಾದೆಗೆ ಕುಂದು ಬಾರದಂತೆ, ‘ಅವರ ಪಾಡಿಗೆ ಅವರಿದ್ದಾರೆ, ನಾವೇನೂ ಅನ್ನುವುದಿಲ್ಲ’ ಎಂದರೆ ಮಾಪನದ ಪಟ್ಟಿಯಲ್ಲಿ ಟೀಕೆಯ ಅಂಕ ಸೊನ್ನೆಯಾದೀತು. ಅಕ್ಕರೆಯ ಮಾನ ಈ ಕೊರತೆಯನ್ನು ಹಿಡಿಯಬಹುದು. ಆದರೆ ಮನೆಯನ್ನು ಅಧಿಕ ಅಥವಾ ಕಡಿಮೆ ಎಂದು ವಿಂಗಡಿಸುವ ಅಂತಿಮ ತೀರ್ಮಾನದಲ್ಲಿ ಅಕ್ಕರೆಗೆ ಸ್ಥಾನವಿಲ್ಲ. ಹೀಗಾಗಿ ಸಹನೆಯ ಮನೆಯೂ ಮಾತು ಬಿಟ್ಟ ಮನೆಯೂ ಒಂದೇ ವರ್ಗಕ್ಕೆ ಸೇರಿಬಿಡುವ ಸಾಧ್ಯತೆಯಿದೆ.

‘ಶರಪಂಜರ’ ಇಂಥ ಮನೆಯ ಕಥೆ. ಒಲಿದು ಮದುವೆಯಾದ ಸತೀಶ ಮತ್ತು ಕಾವೇರಿಯರದು ಅನುಕೂಲಸ್ಥ ಸಂಸಾರ. ಎರಡನೆಯ ಹೆರಿಗೆಯ ಅನಂತರ ಕಾವೇರಿಯ ಚಿತ್ತ ಕಲಕುತ್ತದೆ. ಆ ಅವಸ್ಥೆಯಲ್ಲಿ, ಮದುವೆಗೆ ಮುನ್ನ ನಡೆದುಹೋದ, ಯಾರೊಡನೆಯೂ ಹೇಳಿಕೊಳ್ಳಲಾಗದೆ ಅವಳು ಅದುಮಿಟ್ಟಿದ್ದ ಸಂಗತಿ ಬಾಯಿಂದ ಹೊರಬೀಳುತ್ತದೆ. ಚಿಕಿತ್ಸೆಯಿಂದ ಅವಳು ಗುಣ ಹೊಂದಿ ಮರಳುತ್ತಾಳೆ. ಮರಳಿದವಳಿಗೆ ಮನೆ ಮೊದಲಿನ ಮನೆಯಾಗಿ ಸಿಗುವುದಿಲ್ಲ. ಗಂಡ ದೂರ ಸರಿದಿದ್ದಾನೆ. ನೆರೆಹೊರೆಯವರ ಕಣ್ಣಿನಲ್ಲಿ ಅವಳು ಆಸ್ಪತ್ರೆಯಿಂದ ಬಂದವಳು. ಗಂಡನಿಗೆ ಇನ್ನೊಬ್ಬಳೊಡನೆ ಸಂಬಂಧವಿದೆಯೆಂಬುದು ತಿಳಿದಾಗ ಅವಳ ಮನಸ್ಸು ಮತ್ತೆ ಕದಡಿ, ಅವಳು ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಚಲನಚಿತ್ರವಾದಾಗ, ಕಲ್ಪನಾ ಅವರ ಅಭಿನಯದ ಮೂಲಕ ಈ ಕಥೆ ಓದುಬಾರದವರ ಮನೆಯನ್ನೂ ತಲುಪಿತು.

ಈ ಕಥನದಲ್ಲಿ ಹೆಸರಿನ ಪಲ್ಲಟ ಮೊದಲು ಗಮನಿಸಬೇಕಾದದ್ದು. ಹೆರಿಗೆಯ ಅನಂತರ ಬರುವ ಚಿತ್ತವಿಕಲತೆಗೆ ಕನ್ನಡದ ಮನೆಗಳಲ್ಲಿ ‘ಬಾಣಂತಿ ಸನ್ನಿ’ ಎಂಬ ಹೆಸರಿದೆ. ಸನ್ನಿಪಾತದಿಂದ ಬಂದ ಈ ಶಬ್ದ ಕಾಯಿಲೆಯನ್ನು ದೇಹಕ್ಕೆ, ಶೀತಕ್ಕೆ, ಬಾಣಂತನದ ಅವಧಿಗೆ ಕಟ್ಟಿಹಾಕುತ್ತದೆ. ಅದು ಬಂದು ಹೋಗುವ ಕಾಯಿಲೆ. ಬಾಣಂತಿಯ ಗುಣನಡತೆಗೂ ಅದಕ್ಕೂ ಸಂಬಂಧವಿಲ್ಲ. ಮೆಕ್ಸಿಕನ್ ಕುಟುಂಬಗಳಲ್ಲಿ ‘ನೆರ್ವಿಯೋಸ್’ ಮಾಡುತ್ತಿದ್ದ ಕೆಲಸವನ್ನೇ ಈ ಹೆಸರು ಇಲ್ಲಿ ಮಾಡಬಲ್ಲದು. ಗಾಳಿ, ಗ್ರಹಚಾರ, ದೃಷ್ಟಿ, ಮಾಟ ಎಂಬ ವಿವರಣೆಗಳಿಗೂ ಈ ಒಂದು ಗುಣವಿದೆ: ಅವು ಚಿಕಿತ್ಸೆಯನ್ನು ತಡಮಾಡಿ ಕೇಡು ತರಬಹುದಾದರೂ ತಪ್ಪನ್ನು ರೋಗಿಯ ಹೊರಗೆ ನಿಲ್ಲಿಸುತ್ತವೆ. ಕಾವೇರಿಗೆ ಈ ಆಶ್ರಯ ದಕ್ಕುವುದಿಲ್ಲ. ಅವಳ ಬಾಯಿಂದ ಹೊರಬಿದ್ದ ಮಾತು ಕಾಯಿಲೆಯ ಲಕ್ಷಣವಾಗಿ ಉಳಿಯದೆ ಸಾಕ್ಷ್ಯವಾಗಿಬಿಡುತ್ತದೆ. ರೋಗಿಯ ಪ್ರಲಾಪವೆಂದು ಎಲ್ಲವನ್ನೂ ತಳ್ಳಿಹಾಕುವ ಸಂಸಾರ ಈ ಒಂದು ಮಾತನ್ನು ಮಾತ್ರ ಸತ್ಯವೆಂದು ಹಿಡಿದುಕೊಳ್ಳುತ್ತದೆ. ದೇಹದ ಕಾಯಿಲೆ ಶೀಲದ ಪ್ರಶ್ನೆಯಾಗಿ ಮಾರ್ಪಡುವ ಈ ಗಳಿಗೆಯೇ ಕಾದಂಬರಿಯ ತಿರುವು. ಬಂಧುಗಳು ತಪ್ಪನ್ನು ಎಲ್ಲಿ ಇರಿಸುತ್ತಾರೆ ಎಂಬುದರ ಮೇಲೆ ಅವರ ಭಾವ ನಿಂತಿದೆ ಎಂದು ಸಂಶೋಧಕರು ಮುಂದೆ ಸ್ಥಾಪಿಸಿದ್ದನ್ನು ಈ ತಿರುವು ಮೊದಲೇ ಕಂಡಿತ್ತು. ಆದರೆ ಹೆಣ್ಣಿನ ವಿಷಯದಲ್ಲಿ ಆ ತೀರ್ಮಾನ ಕಾಯಿಲೆಯನ್ನು ಕುರಿತ ನಂಬಿಕೆಯಿಂದಷ್ಟೇ ಅಲ್ಲ, ಶೀಲವನ್ನು ಕುರಿತ ನಂಬಿಕೆಯಿಂದ ಆಗುತ್ತದೆ ಎಂಬ ಮಾತನ್ನೂ ಅದು ಸೇರಿಸುತ್ತದೆ.

ಎರಡನೆಯದಾಗಿ ಸತೀಶನ ಪ್ರತಿಕ್ರಿಯೆ. ಅವನ ಅಸ್ತ್ರ ದೂರಸರಿಯುವಿಕೆಯೇ ಹೊರತು ಕೂಗಾಟವಲ್ಲ. ಹೊರಗಿನ ಕಣ್ಣಿಗೆ ಅವನು ಹೆಂಡತಿಗೆ ಚಿಕಿತ್ಸೆ ಕೊಡಿಸಿದ, ಮನೆಗೆ ಕರೆತಂದ, ಅನ್ನವಸ್ತ್ರಕ್ಕೆ ಕೊರತೆ ಮಾಡದ ಗಂಡ. ಕ್ಯಾಂಬರ್‌ವೆಲ್ ಸಂದರ್ಶನಕ್ಕೆ ಅವನನ್ನು ಕೂರಿಸಿದ್ದರೆ ಆರು ಟೀಕೆಗಳನ್ನು ಎಣಿಸುವುದೂ ಕಷ್ಟವಾಗುತ್ತಿತ್ತೇನೋ. ಕಾವೇರಿಯನ್ನು ಕುಸಿಯುವಂತೆ ಮಾಡುವುದು ಆಡಿದ ಮಾತಿಗಿಂತ ಹೆಚ್ಚಾಗಿ ಹಿಂತೆಗೆದುಕೊಂಡ ಒಲವು. ಲೋಪೆಜ್ ಅವರ ಅಧ್ಯಯನದ ಭಾಷೆಯಲ್ಲಿ ಹೇಳುವುದಾದರೆ, ಅಕ್ಕರೆಯೇ ರಕ್ಷಣೆಯಾಗಿರುವ ಸಂಸ್ಕೃತಿಯಲ್ಲಿ ಅದರ ಅಭಾವ ಟೀಕೆಯಷ್ಟೇ ಘಾತುಕ.

ಮೂರನೆಯದು ನೋಟ. ಗುಣವಾದವಳ ನಗು, ಅಳು, ಸಿಟ್ಟು ಇವು ಯಾವುವೂ ಇನ್ನು ಮುಂದೆ ಸಹಜ ಭಾವಗಳಾಗಿ ಉಳಿಯುವುದಿಲ್ಲ; ಸುತ್ತಲಿನವರು ಅವನ್ನು ಲಕ್ಷಣಗಳಾಗಿ ಓದುತ್ತಾರೆ. ಗಂಡನ ಮೇಲೆ ಅನುಮಾನ ಪಟ್ಟರೆ ಅದೂ ಭ್ರಮೆಯೆಂದು ಎಣಿಕೆಯಾಗುವ ಸ್ಥಿತಿ ಅವಳದು. ಅನುಮಾನ ನಿಜವಾಗಿರುವುದು ಕಾದಂಬರಿಯ ಕಟುವ್ಯಂಗ್ಯ. ಇಲ್ಲಿ ಕಾಳಜಿಗೂ ಕಾವಲಿಗೂ ನಡುವಿನ ಗೆರೆ ಅಳಿಸಿಹೋಗಿದೆ. ಶೀರ್ಷಿಕೆಯ ಧ್ವನಿಯೂ ಇದೇ ಕಡೆಗಿದೆ. ಮಹಾಭಾರತದ ಖಾಂಡವದಹನದಲ್ಲಿ ಇಂದ್ರನ ಮಳೆ ತಾಗದಂತೆ ಅರ್ಜುನ ಬಾಣಗಳಿಂದ ಕಾಡಿನ ಮೇಲೆ ಚಪ್ಪರ ಕಟ್ಟುತ್ತಾನೆ. ಅದು ಹೊರಗಿನಿಂದ ಹೊದಿಕೆ. ಒಳಗೆ ಸಿಕ್ಕಿಬಿದ್ದ ಜೀವಗಳಿಗೆ ಸೆರೆ. ಕಾವೇರಿಯ ಸಂಸಾರಕ್ಕೂ ಈ ಎರಡು ಮುಖಗಳಿವೆ.

೪

ಭಾರತೀಯ ಕುಟುಂಬದ ಬಗ್ಗೆ ಮನೋವೈದ್ಯಶಾಸ್ತ್ರದಲ್ಲಿ ಪ್ರಚಲಿತವಾಗಿರುವ ಒಂದು ಆಶಾದಾಯಕ ಚಿತ್ರವನ್ನು ಈ ಹಿನ್ನೆಲೆಯಲ್ಲಿ ಮತ್ತೆ ಪರಿಶೀಲಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೬೦ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಆಗ್ರಾ ಒಂದು ಕೇಂದ್ರವಾಗಿತ್ತು. ಮುಂದಿನ ಹತ್ತು ದೇಶಗಳ ಅಧ್ಯಯನದಲ್ಲಿ ಚಂಡೀಗಢದ ನಗರ ಮತ್ತು ಹಳ್ಳಿಗಳು ಸೇರಿದ್ದವು. ಸ್ಕಿಜೋಫ್ರೇನಿಯಾದ ಪರಿಣಾಮ ಅಭಿವೃದ್ಧಿಶೀಲ ದೇಶಗಳಲ್ಲಿ ಉತ್ತಮ ಎಂಬ ತೀರ್ಮಾನ ಅವುಗಳಿಂದ ಹೊರಟಿತು. ಇದಕ್ಕೆ ಕಾರಣ ಅವಿಭಕ್ತ ಕುಟುಂಬದ ಸಹನೆ ಎಂಬ ವಿವರಣೆಯೂ ಜತೆಗೂಡಿತು. ಅಲೆಕ್ಸ್ ಕೋಹೆನ್, ವಿಕ್ರಮ್ ಪಟೇಲ್, ಆರ್. ತಾರಾ ಮತ್ತು ಓಯೆ ಗುರೇಜೆ ೨೦೦೮ರಲ್ಲಿ ೧೧ ದೇಶಗಳ ೨೩ ಅಧ್ಯಯನಗಳನ್ನು ಪರಾಮರ್ಶಿಸಿ, ಈ ತೀರ್ಮಾನ ಸ್ವತಃಸಿದ್ಧವಲ್ಲವೆಂದೂ ಪರಿಣಾಮಗಳು ನಾಡಿನಿಂದ ನಾಡಿಗೆ ಬಹಳ ಬೇರೆಯಾಗಿವೆಯೆಂದೂ ತೋರಿಸಿದರು. ಸಹನೆಯ ಕಥನವನ್ನು ಪೂರ್ತಿ ಅಲ್ಲಗಳೆಯಬೇಕಾಗಿಲ್ಲ. ೧೯೫೦ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಬಂಧುಗಳಿಗೆ ಆವರಣದಲ್ಲೇ ಡೇರೆ ಹಾಕಿಸಿ, ಅವರನ್ನು ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿದ್ದು ಸಾಧ್ಯವಾದದ್ದು ರೋಗಿಯ ಜತೆ ಬಂದು ಉಳಿಯಲು ಕುಟುಂಬಗಳು ಸಿದ್ಧವಿದ್ದುದರಿಂದಲೇ. ೧೯೭೪ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕುಟುಂಬವನ್ನು ಚಿಕಿತ್ಸೆಯ ಒಳಗೆ ತರುವ ಈ ಪರಂಪರೆಯನ್ನು ಮುಂದುವರಿಸಿತು.

ಪ್ರಶ್ನೆ ಇರುವುದು ‘ಕುಟುಂಬ’ ಎಂಬ ಏಕವಚನದಲ್ಲಿ. ಮಗನಿಗೆ ಕಾಯಿಲೆ ಬಂದಾಗ ಅವನು ತನ್ನ ಮನೆಯಲ್ಲೇ ಇರುತ್ತಾನೆ. ತಾಯಿ ಉಣಿಸುತ್ತಾಳೆ, ಹೆಂಡತಿಯಿದ್ದರೆ ಅವಳು ಸಹಿಸಬೇಕೆಂಬ ನಿರೀಕ್ಷೆಯಿದೆ. ಸೊಸೆಗೆ ಕಾಯಿಲೆ ಬಂದಾಗ ಯಾವ ಮನೆ ಅವಳದು ಎಂಬುದೇ ಇತ್ಯರ್ಥವಾಗಿರುವುದಿಲ್ಲ. ಚೆನ್ನೈಯಲ್ಲಿ ತಾರಾ, ಕಾಮತ್ ಮತ್ತು ಕುಮಾರ್ ಅವರು ಸ್ಕಿಜೋಫ್ರೇನಿಯಾ ಇದ್ದು ದಾಂಪತ್ಯ ಮುರಿದ ಹೆಂಗಸರನ್ನು ಕುರಿತು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯೇ ಅವರ ಸ್ಥಿತಿಯನ್ನು ಇಮ್ಮಡಿ ಅನನುಕೂಲವೇ ಎಂದು ಪ್ರಶ್ನಿಸುತ್ತದೆ. ಗಂಡ ಬಿಟ್ಟ ಮೇಲೆ ಅವರಲ್ಲಿ ಹೆಚ್ಚಿನವರ ಹೊಣೆ ವಯಸ್ಸಾದ ತಂದೆತಾಯಿಯರ ಮೇಲೆ ಬಿದ್ದಿತ್ತು. ಕಾನೂನುಬದ್ಧ ವಿಚ್ಛೇದನ ಅಪರೂಪ; ಜೀವನಾಂಶವೂ ಅಪರೂಪ. ಭಾರತೀಯ ಕುಟುಂಬದ ಸಹನೆಯ ಒಂದು ದೊಡ್ಡ ಪಾಲು ತವರಿನ ಸಹನೆಯಾಗಿರುತ್ತದೆ, ಅದೂ ತಾಯಿಯ ಸಹನೆಯಾಗಿರುತ್ತದೆ ಎಂಬುದನ್ನು ಒಟ್ಟು ಅಂಕಿಗಳು ಮರೆಮಾಡುತ್ತವೆ. ‘ಶರಪಂಜರ’ ಗಂಡನ ಮನೆಯನ್ನೇ ರಂಗವನ್ನಾಗಿ ಆರಿಸಿಕೊಂಡು ಈ ಮರೆಯನ್ನು ಸರಿಸಿತು.

ಕುಟುಂಬದ ಮಾತು ಕಾಯಿಲೆಯ ಒಳಗೂ ಹೊಕ್ಕಿರುತ್ತದೆ ಎಂಬುದಕ್ಕೆ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ನಿದರ್ಶನ. ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋ, ಘಾನಾದ ಅಕ್ರಾ, ಚೆನ್ನೈ ಈ ಮೂರು ಕಡೆ ತಲಾ ೨೦ ರೋಗಿಗಳನ್ನು ಅವರಿಗೆ ಕೇಳಿಸುವ ದನಿಗಳ ಬಗ್ಗೆ ಮಾತನಾಡಿಸಲಾಯಿತು. ಅಮೆರಿಕದವರಿಗೆ ಅವು ಬಹುಮಟ್ಟಿಗೆ ಅಪರಿಚಿತ, ಹಿಂಸಾತ್ಮಕ ಆಕ್ರಮಣಗಳು. ಅಕ್ರಾದ ಅನೇಕರಿಗೆ ದೇವರ ದನಿ. ಚೆನ್ನೈಯ ಹಲವರಿಗೆ ಬಂಧುಗಳ ದನಿ. ಆ ಬಂಧುಗಳು ಮನೆಗೆಲಸ ಮಾಡೆಂದು ಹೇಳುತ್ತಿದ್ದರು, ಬುದ್ಧಿ ಹೇಳುತ್ತಿದ್ದರು, ಗದರುತ್ತಲೂ ಇದ್ದರು. ಭ್ರಮೆಯಲ್ಲೂ ಮನೆ ಮಾತು ಬಿಟ್ಟಿರಲಿಲ್ಲ. ಗದರಿಕೆಯೆಲ್ಲವೂ ಹಗೆತನವಲ್ಲ, ಅದು ಸಂಬಂಧ ಇನ್ನೂ ಉಳಿದಿದೆ ಎಂಬುದರ ಗುರುತೂ ಆಗಬಹುದು ಎಂಬ ಸೂಚನೆ ಇಲ್ಲಿದೆ. ಚಂಡೀಗಢದ ಫಲಿತಾಂಶದಲ್ಲಿ ಹಗೆತನ ಮಾತ್ರ ಉಳಿದದ್ದಕ್ಕೆ ಈ ಬಗೆಯ ವಿವರಣೆಯೂ ಸಾಧ್ಯ.

ಕಾದಂಬರಿಯನ್ನು ಸಂಶೋಧನೆಯ ಎದುರು ಇಟ್ಟಂತೆ ಸಂಶೋಧನೆಯನ್ನೂ ಕಾದಂಬರಿಯ ಎದುರು ಇಡಬೇಕು. ‘ಶರಪಂಜರ’ದ ಮಿತಿಗಳು ಆಗ ಕಾಣುತ್ತವೆ. ಹೆರಿಗೆಯ ಅನಂತರದ ಚಿತ್ತವಿಕಲತೆಗೆ ದೈಹಿಕ ಮೂಲ ಬಲವಾದುದೆಂದೂ, ಸಕಾಲದ ಚಿಕಿತ್ಸೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆಂದೂ, ಆದರೆ ಮನೆಯ ವಾತಾವರಣ ಚೆನ್ನಾಗಿದ್ದರೂ ಮರುಕಳಿಸುವ ಸಾಧ್ಯತೆ ಇದ್ದೇ ಇದೆಯೆಂದೂ ಇಂದಿನ ತಿಳಿವು. ಕಾದಂಬರಿ ಹೆಣೆದ ಕಾರಣಸರಣಿಯಲ್ಲಿ ಅದುಮಿಟ್ಟ ಗುಟ್ಟು ಕಾಯಿಲೆಯನ್ನೂ ಗಂಡನ ದ್ರೋಹ ಮರುಕಳಿಕೆಯನ್ನೂ ತರುತ್ತವೆ. ಇದು ಕಥನಕ್ಕೆ ಒಪ್ಪುವ ಸರಳತೆ. ಇದನ್ನೇ ವೈದ್ಯಸತ್ಯವೆಂದು ಸ್ವೀಕರಿಸಿದರೆ ಕಾಯಿಲೆ ಮರುಕಳಿಸಿದ ಪ್ರತಿ ಮನೆಯೂ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾದೀತು. ಪ್ರಕಟಿತ ಭಾವದ ಸಂಶೋಧನೆಯೂ ಇದೇ ಆಪಾದನೆಯನ್ನು ಎದುರಿಸಿತು. ವರ್ಷಗಟ್ಟಲೆ ನಿದ್ದೆಗೆಟ್ಟು ಆರೈಕೆ ಮಾಡಿದ ಬಂಧುವಿನ ಟೀಕೆಯಲ್ಲಿ ದಣಿವೂ ದುಃಖವೂ ಇರುತ್ತವೆ. ರೋಗಿಯ ವರ್ತನೆ ಬಂಧುವಿನ ಭಾವವನ್ನು ರೂಪಿಸುವುದೂ ಅಷ್ಟೇ ನಿಜ. ಸತೀಶನ ಅಂತರಂಗಕ್ಕೆ ಕಾವೇರಿಯ ಅಂತರಂಗದಷ್ಟು ಅವಕಾಶ ದೊರೆತಿದ್ದರೆ ಕೃತಿ ಇನ್ನಷ್ಟು ಕಠಿಣವಾದ ಪ್ರಶ್ನೆಯನ್ನು ಓದುಗರ ಮುಂದಿಡುತ್ತಿತ್ತು.

ಆದರೂ ಕೃತಿ ಕೊಟ್ಟ ಮುಖ್ಯ ತಿಳಿವು ಈ ಮಿತಿಗಳಿಂದ ಕುಂದುವುದಿಲ್ಲ. ಸಂಸ್ಕೃತಿಯು ಒಂದು ನಾಡಿನ ಕುಟುಂಬಗಳನ್ನು ಬೆಚ್ಚಗೆ, ಇನ್ನೊಂದು ನಾಡಿನವನ್ನು ತಣ್ಣಗೆ ಮಾಡಿಟ್ಟಿರುವುದಿಲ್ಲ. ಭಾವವನ್ನು ಯಾವ ರೂಪದಲ್ಲಿ ತೋರಬೇಕು, ಯಾರು ಯಾರಿಗೆ ತೋರಬೇಕು, ಯಾವಾಗ ಹಿಂತೆಗೆದುಕೊಳ್ಳಬಹುದು ಎಂಬ ನಿಯಮಗಳನ್ನು ಅದು ಒದಗಿಸುತ್ತದೆ. ಆ ನಿಯಮಗಳು ಗಂಡಿಗೂ ಹೆಣ್ಣಿಗೂ, ಮಗಳಿಗೂ ಸೊಸೆಗೂ ಒಂದೇ ಅಲ್ಲ. ಕನ್ನಡದ ಮನೆಗಳಲ್ಲಿ ಈ ಪ್ರತಿಕ್ರಿಯೆಯನ್ನು ಅಳೆಯಹೊರಡುವವರು ಬೈಗುಳವನ್ನು ಎಣಿಸುವುದರ ಜತೆಗೆ ಬೇರೆ ಕೆಲವನ್ನೂ ಕೇಳಬೇಕಾಗುತ್ತದೆ: ಮರಳಿ ಬಂದವಳ ಕೈಗೆ ಮಗುವನ್ನು ಕೊಡುತ್ತಾರೆಯೇ, ಒಲೆಯ ಮುಂದೆ ಅವಳನ್ನು ಒಂಟಿಯಾಗಿ ಬಿಡುತ್ತಾರೆಯೇ, ಮದುವೆ ಮುಂಜಿಗಳಿಗೆ ಜತೆಯಲ್ಲಿ ಕರೆದೊಯ್ಯುತ್ತಾರೆಯೇ, ಅವಳು ಸಿಟ್ಟಾದಾಗ ತಿರುಗಿ ಸಿಟ್ಟಾಗುತ್ತಾರೆಯೇ ಅಥವಾ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆಯೇ.

೨೦೧೭ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ ೧೯ನೆಯ ಕಲಮು, ಕುಟುಂಬ ಒಪ್ಪಿಕೊಳ್ಳಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು ಹೇಳುತ್ತದೆ. ಸಮಾಜದ ನಡುವೆ ಬಾಳುವ ಹ‌ಕ್ಕನ್ನು ಅದು ಮಾನ್ಯಮಾಡಿದೆ. ಕಾವೇರಿಯ ಕಾಲದಲ್ಲಿ ಇಲ್ಲದ ಈ ರಕ್ಷಣೆ ದೊಡ್ಡದೇ ಸರಿ. ಆಸ್ಪತ್ರೆಯ ಬಾಗಿಲನ್ನು ಅದು ತೆರೆಯಬಲ್ಲದು; ಮನೆಯೊಳಗೆ ಬಿಟ್ಟ ಮಾತನ್ನು ಮತ್ತೆ ಆಡಿಸುವುದು ಕಾಯ್ದೆಯ ಕೈಯಲ್ಲಿಲ್ಲ. ಆ ಕೆಲಸ ಬಂಧುಗಳದು, ಅವರಿಗೆ ನೆರವಾಗಬೇಕಾದ ವೈದ್ಯರದು. ಮಾತು ಎಲ್ಲಿ, ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ಅವರಿಗೆ ತೋರಿಸಿಕೊಡುವ ಸಾಮಗ್ರಿಯಾಗಿ ‘ಶರಪಂಜರ’ ಇಂದಿಗೂ ಉಪಯುಕ್ತವಾಗಿ ಉಳಿದಿದೆ.